ಮೂವತ್ತೊಂದು ತಾಸು

ಹುಳಗಳನ್ನು ನಾನು ಎರಡು ಪಾಲು ಮಾಡುತ್ತೇನೆ.
ಒಂದು ಪಾಲಿಗೆ ಬಿಸಿನೀರು, ಆಮೇಲೆ ಸ್ಪಿರಿಟ್ಟು,
ಚೀಟಿ ಅಂಟಿಸಿದ ಸೀಸೆ.
ಇನ್ನೊಂದು ಪಾಲಿಗೆ ಕಟ್ಟಿಗೆಯ ಹೊಟ್ಟು, ಕುರಿಯ ಲಿವರು,
ತೆಳುಬಟ್ಟೆ ಕಟ್ಟಿದ ಡಬ್ಬಿ:
ರೆಕ್ಕೆ ಬಂದ ಮೇಲೆ ತಮ್ಮ ಕುಲ ತಾವೇ ಹೇಳಲಿ ಎಂದು.
ಧಾರವಾಡದ ಮಟನ್ ಅಂಗಡಿಯಾತ ಕೇಳುತ್ತಾನೆ,
"ಅಕ್ಕಾರ, ನೀವು ತಿನ್ನೂದಿಲ್ಲಲ್ರಿ?"
"ನನಗಲ್ಲಪಾ, ಬೀಗರಿಗೆ."

ಬೆಟಗೇರಿ. ಮುಚ್ಚಿದ ಮಗ್ಗದ ಶೆಡ್ಡು.
ಏಪ್ರಿಲ್, ಶುಕ್ರವಾರ, ಹನ್ನೊಂದು ಗಂಟೆ.
ತಗಡಿನ ಕೆಳಗೆ ಮೂವತ್ತೆಂಟು ಡಿಗ್ರಿ,
ಹಗ್ಗ ಬಿಗಿದ ಕೌದಿಯೊಳಗೆ ಸಾವಂತ್ರೆವ್ವ.
ಫೌಜದಾರರು ಕರ್ಚೀಫು ಹಿಡಿದು ಬಾಗಿಲಲ್ಲೇ ನಿಂತರು.
ನಾನು ಮೊಣಕಾಲೂರಿ ಹುಡುಕಿದ್ದು
ಎಲ್ಲಕ್ಕಿಂತ ಹಿರಿಯ ಹುಳವನ್ನು.
ಯಾವ ಮನೆಯಲ್ಲೂ ನಡೆದದ್ದು ಗೊತ್ತಿರುವುದು ಹಿರಿಯರಿಗೇ.
ಹದಿನಾರು ಮಿಲಿಮೀಟರು.
ಬಾಲದ ಉಸಿರುಗಂಡಿಯಲ್ಲಿ ಮೂರು ಸೀಳು.
ತೊಂಬತ್ತು ತಾಸಿನ ಆಸುಪಾಸು.
ಬೆರಳು ಮಡಿಚಿ ಹಿಂದಕ್ಕೆ ಎಣಿಸಿದೆ:
ಸೋಮವಾರ, ಹೊತ್ತು ಇಳಿಯುವಾಗ
ಮೊದಲ ತಾಯಿನೊಣ ಇಲ್ಲಿ ಕೂತಿದೆ.

ಗಂಡನ ಹತ್ತಿರ ಟಿಕೀಟಿತ್ತು.
"ಸೋಮವಾರ ನಸುಕಿನ್ಯಾಗ ಸೊಲ್ಲಾಪುರ ಬಸ್ ಹತ್ತೀನ್ರಿ,
ಅಕಿ ಬಾಗಲದಾಗ ನಿಂತು ಬುತ್ತಿ ಕೊಟ್ಟಾಳ."
ಟಿಕೀಟು ಖರೆ. ಸೊಲ್ಲಾಪುರ ಖರೆ.
ನನ್ನ ಹುಳವೂ ಅವನ ಪರವಾಗಿಯೇ ಮಾತಾಡಿತು.

ಆದರೆ ಕೌದಿ?
ಸಾವಿನ ಸುದ್ದಿ ನೊಣಕ್ಕೆ ಗಳಿಗೆಯಲ್ಲಿ ಮುಟ್ಟುತ್ತದೆ.
ಮುಟ್ಟಿದರೇನು, ಒಳಹೋಗಲು ಬಾಗಿಲು ಬೇಕಲ್ಲ.
ಏಳು ಪದರು ಹಳೆ ಸೀರೆ ಎಷ್ಟು ಹೊತ್ತು ತಡೆದೀತು?
ನನ್ನ ಪುಸ್ತಕಗಳಲ್ಲಿ ಪ್ಲಾಸ್ಟಿಕ್ಕಿದೆ, ಕಾರ್ಪೆಟ್ಟಿದೆ, ಕಾರಿನ ಡಿಕ್ಕಿಯೂ ಇದೆ.
ಕೌದಿ ಇಲ್ಲ.

ಅವ್ವನಿಗೆ ಫೋನು ಮಾಡಿದೆ. ಒಂದು ಕೌದಿ ಬೇಕು.
"ಇಂಥಾ ಬ್ಯಾಸಗ್ಯಾಗ ಥಂಡಿ ಹತ್ತೇತೇನವಾ?"
ಸುಳ್ಳು ಹೇಳಲಿಲ್ಲ.
ಸ್ವಲ್ಪ ಹೊತ್ತು ಆ ಕಡೆ ಫ್ಯಾನಿನ ಸದ್ದು ಮಾತ್ರ.
ಆಮೇಲೆ, "ಹೊಲಿಗಿ ದಟ್ಟೈತೋ ತೆಳ್ಳಗೈತೋ? ಫೋಟೋ ಕಳಸು."
ನೋಡಿ ಅಂದಳು, "ಯಾರೋ ಕಸಬಿನಾಕಿ. ಮೂಲಿ ಮಡಿಕಿ ನೋಡು."
ಎರಡು ತಿಂಗಳು ಕೂತು ಅಂಥದ್ದೇ ಹೊಲಿದು ಕೊಟ್ಟಳು,
ನಡುವಿನ ಪದರಿನಲ್ಲಿ ರೊಟ್ಟಿಯ ಚೂರು ಇಟ್ಟು:
ಕೌದಿಯ ಹೊಟ್ಟೆ ಖಾಲಿ ಇರಬಾರದಂತೆ.
(ಆ ಚೂರು ನನ್ನ ವರದಿಯಲ್ಲಿದೆ. ಪುಟ ನಾಲ್ಕು, ಅಡಿಟಿಪ್ಪಣಿ.)

ಮರುವರ್ಷ ಅದೇ ಏಪ್ರಿಲ್, ಅದೇ ತಗಡು, ಅದೇ ಗಂಟು.
ಸಾವಂತ್ರೆವ್ವನ ಜಾಗದಲ್ಲಿ ಸತ್ತ ಹಂದಿ.
ಮುಂಜಾನೆ ಎಂಟರಿಂದ ದಾವಲಸಾಬ, ನಾನು, ಸರದಿ ಪ್ರಕಾರ.
ಹಸಿರು ನೊಣಗಳು ಬಂದವು, ಹೊಲಿಗೆ ಹೊಲಿಗೆ ತಡವಿದವು
ಸಂತೆಯಲ್ಲಿ ಪತ್ತಲ ಮುಟ್ಟಿ ನೋಡುವ ಹೆಂಗಸರಂತೆ.
ಕೊಳ್ಳಲಿಲ್ಲ. ಕತ್ತಲಾಯಿತು, ಅವೂ ಸುಮ್ಮನಾದವು.
ದಾವಲಸಾಬ ಚಹಾ ಸೋಸುತ್ತ ಅಂದ,
"ನಿಮ್ಮವ್ವ ಗಟ್ಟಿ ಹೊಲದಾಳ ಬಿಡ್ರಿ."
ಮರುದಿನ ಮೂರು ಗಂಟೆಗೆ, ಮೂಲೆಯ ಮಡಿಕೆಯಲ್ಲೊಂದು ಸಂದು,
ಅಲ್ಲಿ ಅಕ್ಕಿನುಚ್ಚಿನಷ್ಟು ಬಿಳಿ ತತ್ತಿ.

"ಹುಳಕ್ಕ ವಾರ ಗೊತ್ತೇನ್ರಿ ಮೇಡಂ?"
ವಕೀಲರ ಮಾತಿಗೆ ಕೋರ್ಟು ನಕ್ಕಿತು.
ವಾರ ಗೊತ್ತಿಲ್ಲ. ಬಿಸಿಲು ಗೊತ್ತು.
ಸೋಮವಾರ ಸಂಜೆ ನಾಲ್ಕರಿಂದ ಮೂವತ್ತೊಂದು ಕಳೆಯಿರಿ,
ಎರಡು ಮೂರು ತಾಸು ಆಚೀಚೆ ಇರಲಿ:
ರವಿವಾರ ಮುಂಜಾನೆ ಒಂಬತ್ತು.
ಬಸ್ಸಿಗೆ ಇನ್ನೂ ಇಪ್ಪತ್ತು ತಾಸು.
ಯಾರೂ ನಗಲಿಲ್ಲ.

ಹೊರಗೆ ಬೇವಿನ ಬುಡದಲ್ಲಿ ಬಾಳವ್ವ, ಸಾವಂತ್ರೆವ್ವನ ತಾಯಿ,
ನನ್ನ ಸೆರಗು ಹಿಡಿದು ನಿಲ್ಲಿಸಿದಳು.
"ಒಳಗ ನನ್ನ ಕೌದಿ ಮಾತು ಬಂತಲ್ಲವಾ. ಏನಂದಿ?"
ಡಿಗ್ರಿ, ಮಿಲಿಮೀಟರು, ಒಂದೂ ಬಾಯಿಗೆ ಬರಲಿಲ್ಲ.
"ಮೂವತ್ತೊಂದು ತಾಸು, ಯವ್ವಾ," ಅಂದೆ.
"ಅಷ್ಟೂ ಹೊತ್ತು ಒಂದ ನೊಣಾನೂ ಮುಟ್ಟಗೊಟ್ಟಿಲ್ಲ ಅಕಿನ್ನ."

ಅವಳ ಹೆಬ್ಬೆರಳು ತೋರುಬೆರಳಿನ ಮೇಲೆ
ಇಲ್ಲದ ಸೂಜಿಯನ್ನು ಹೊರಳಿಸಿತು.
"ದಾರ ತೀರಿತ್ತು," ಅಂದಳು.
"ಮೂಲೀಗೆ ಇನ್ನೊಂದು ಸಾಲು ಹಾಕಬೇಕಿತ್ತು."